ಮಂತ್ರಿ ಸಹಿ ಹಾಕಿದ ಊಟ

"ನನ್ನ ಇಲಾಖೆಯ ಹಾಸ್ಟೆಲುಗಳಲ್ಲಿ ಮಕ್ಕಳು ದಿನಾ ಮದುವೆ ಊಟ ಉಣ್ತಾವೆ," ಎಂದು ಮಂತ್ರಿ ವಿರೂಪಣ್ಣ ವಿಧಾನಸಭೆಯಲ್ಲಿ ಎದೆ ತಟ್ಟಿಕೊಂಡ.

ಗಾದಿಲಿಂಗಪ್ಪ ಎದ್ದು ನಿಂತ. ಇಪ್ಪತ್ತನಾಲ್ಕು ವರ್ಷ ಗಡಿ ಕಾದು, ಸುಬೇದಾರನಾಗಿ ನಿವೃತ್ತನಾಗಿ, ಮೊದಲ ಸಲ ಶಾಸಕನಾಗಿದ್ದ ಆಸಾಮಿ.

"ಸ್ವಾಮಿ, ನಮ್ಮ ಹಾಲಸಾಗರದ ಹಾಸ್ಟೆಲಿನಲ್ಲಿ ಎಂಬತ್ತು ಹೆಣ್ಣುಮಕ್ಕಳಿಗೆ ಹುಳ ಬಿದ್ದ ಅನ್ನ, ನೀರಿನಂಥ ಸಾರು. ಅಡುಗೆ ಗುತ್ತಿಗೆ ನಿಮ್ಮ ಭಾಮೈದನದು."

ಮಂತ್ರಿಯ ಮುಖ ಕೆಂಪಾಯಿತು. "ಸೋಮವಾರ ನಾನೇ ಬಂದು ಉಣ್ತೀನಿ. ಚೆನ್ನಾಗಿದ್ದರೆ ಎಲ್ಲರೆದುರು ಕ್ಷಮೆ ಕೇಳಬೇಕು, ಸುಬೇದಾರ."

"ಕೇಳ್ತೀನಿ."

ದಿನ ಗೊತ್ತಾದ ಮೇಲೆ ಇನ್ನೇನು? ಹುಳಗಳಿಗೂ ರಜೆ ಸಿಕ್ಕಿತು. ಸೋಮವಾರ ಮಧ್ಯಾಹ್ನ ಹೋಳಿಗೆ, ತುಪ್ಪ, ಎರಡು ಬಗೆ ಪಲ್ಯ, ಗಟ್ಟಿ ಮೊಸರು. ಹುಡುಗಿಯರು ತಮ್ಮ ತಟ್ಟೆಯನ್ನೇ ನಂಬಲಿಲ್ಲ. ಭಾಮೈದ ಬಾಗಿ ಬಾಗಿ ಬಡಿಸಿದ. ಮಂತ್ರಿ ಪತ್ರಕರ್ತರ ಮುಂದೆ ಮೂರು ಹೋಳಿಗೆ ನುಂಗಿ ಮೀಸೆ ಒರೆಸಿಕೊಂಡ.

"ಏನಪ್ಪಾ ಸುಬೇದಾರ, ಇದೇನಾ ನಿನ್ನ ನೀರು ಸಾರು?"

"ತಪ್ಪಾಯಿತು ಸ್ವಾಮಿ, ಕ್ಷಮಿಸಿ," ಎಂದ ಗಾದಿಲಿಂಗಪ್ಪ. ದನಿ ಬೆಣ್ಣೆಯಂತಿತ್ತು. "ನಮ್ಮ ಸೈನ್ಯದಲ್ಲೊಂದು ಪದ್ಧತಿ. ಸಿಪಾಯಿಗಳ ಊಟ ರುಚಿ ನೋಡಿದ ಸಾಹೇಬರು ಏನೇನಿತ್ತು, ಹೇಗಿತ್ತು ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕ್ತಾರೆ. ತಾವೂ ಎರಡು ಸಾಲು ಬರೆದರೆ ನನ್ನಂಥ ಬಾಯಿಬಡುಕರ ಬಾಯಿ ಮುಚ್ಚುತ್ತೆ."

ಉಬ್ಬಿಹೋದ ಮಂತ್ರಿ ಹಾಸ್ಟೆಲಿನ ಪುಸ್ತಕದಲ್ಲಿ ಬರೆದ: "ಹೋಳಿಗೆ, ತುಪ್ಪ, ಎರಡು ಪಲ್ಯ, ಮೊಸರು. ಇಲ್ಲಿ ದಿನವೂ ಬಡಿಸುವ ಊಟ ಇದೇ. ನಾನೇ ಉಂಡಿದ್ದೇನೆ." ಕೆಳಗೆ ಸಹಿ, ಮೊಹರು.

ಗಾದಿಲಿಂಗಪ್ಪ ಆ ಹಾಳೆಯನ್ನು ಪುಸ್ತಕದಿಂದ ಕಿತ್ತು ಅಡುಗೆಮನೆ ಬಾಗಿಲಿಗೆ ಮೊಳೆ ಹೊಡೆದು ತಗುಲಿಸಿದ. ಹುಡುಗಿಯರ ಕಡೆ ತಿರುಗಿದ.

"ಮಕ್ಕಳೇ, ನಾಳೆಯಿಂದ ಇದರಲ್ಲಿ ಒಂದು ಪಲ್ಯ ಕಡಿಮೆಯಾದರೂ ಮಂತ್ರಿಗಳ ಮಾತು ಸುಳ್ಳು ಮಾಡಿದ ಹಾಗೆ. ನನಗೆ ಒಂದು ಕಾಗದ ಹಾಕಿ. ಪತ್ರಿಕೆಯವರಿಗೂ ಒಂದು."

ಪತ್ರಕರ್ತರು ಬಾಗಿಲಿನ ಫೋಟೋ ತೆಗೆದುಕೊಂಡರು. ಮಂತ್ರಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು ನಿಂತ. ಹಾಳೆ ಕೀಳಿಸಿದರೆ ತಾನು ಸುಳ್ಳುಗಾರ, ಬಿಟ್ಟರೆ ಭಾಮೈದ ದಿವಾಳಿ.

ಭಾಮೈದ ಬೆವರುತ್ತಾ ಹತ್ತಿರ ಬಂದ. "ಸುಬೇದಾರ್ರೇ, ದಿನಾ ಇಷ್ಟೆಲ್ಲ ಎಲ್ಲಿಂದ ತರಲಿ?"

ಗಾದಿಲಿಂಗಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

"ಯೋಚನೆ ಯಾಕಪ್ಪ? ದಿನಾ ಎಲ್ಲಿಂದ ತರ್ತಿದ್ದೆ ಅಂತ ನಿಮ್ಮ ಭಾವನನ್ನೇ ಕೇಳು. ಬರೆದುಕೊಟ್ಟವರು ಅವರೇ."