ಕಮಾನಿನ ಕೆಳಗಿನ ಮರ

“ಗುರುಗಳೇ, ತಾವಿಲ್ಲದ ದಿನ ನಾನು ನಿಲ್ಲುವುದು ಹೇಗೆ?” ಎಂದು ಶಿಷ್ಯ ಕೇಳಿದ. ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಆಂಗ್ಲಿಕನ್ ಸಭೆಯವರು ನಲವತ್ತು ಜನ ಕೂರುವಷ್ಟು ಚಿಕ್ಕ ಚರ್ಚು ಕಟ್ಟಿಸಿದರು. ನಕ್ಷೆ ಇಂಗ್ಲೆಂಡಿನಿಂದ ಬಂತು, ಕಲ್ಲು ಊರ ಗುಡ್ಡದಿಂದ ಬಂತು. ಕಟ್ಟಿದವನು ಅದೇ ಊರಿನ ಒಬ್ಬ ಕಲ್ಲುಕುಟಿಗ. ಅವನಿಗೆ ತಿಳಿದದ್ದು ಎರಡು ಕಂಬ, ಮೇಲೊಂದು ತೊಲೆ. ನಕ್ಷೆಯಲ್ಲಾದರೋ, ಜನ ಕೂರುವ ಅಂಕಣಕ್ಕೂ ಪಾದ್ರಿಗಳ ಪೀಠಕ್ಕೂ ನಡುವೆ ಎತ್ತರದ ಕಮಾನಿತ್ತು. ಅವನು ಮರದ ಆಸರೆ ಹೂಡಿ, ಅದರ ಮೇಲೆ ಕಲ್ಲು ಜೋಡಿಸಿ ಗಾರೆ ಹಾಕಿದ.

“ಗಾರೆ ಒಣಗಿದ ಮೇಲೆ ಮರ ತೆಗೆದುಬಿಡಪ್ಪ. ಕಲ್ಲಿಗೆ ಕಲ್ಲೇ ಆಸರೆ” ಎಂದು ಹೇಳಿ ಪಾದ್ರಿಗಳು ಬೇರೆ ಊರಿಗೆ ವರ್ಗವಾಗಿ ಹೋದರು.

ಗಾರೆ ಒಣಗಿತು. ಮರ ತೆಗೆಯಲು ಕಲ್ಲುಕುಟಿಗನಿಗೆ ಕೈ ಬರಲಿಲ್ಲ. ಅಷ್ಟು ಕಲ್ಲು ಬರಿಗಾಳಿಯಲ್ಲಿ ನಿಲ್ಲುವುದುಂಟೇ, ಜನರ ತಲೆಯ ಮೇಲೆ ಬಿದ್ದರೆ ಗತಿಯೇನು ಎಂದು ಹೆದರಿದ. ಮರ ಅಲ್ಲೇ ಉಳಿಯಿತು. ಮದುಮಕ್ಕಳು ಅದರ ಅಡ್ಡತೊಲೆಗಳಡಿ ತಲೆ ತಗ್ಗಿಸಿ ನುಸುಳಬೇಕಾಯಿತು. ಇದೂ ಇಂಗ್ಲಿಷರ ಶಾಸ್ತ್ರವೇ ಇರಬೇಕೆಂದು ಊರವರು ಅಂದುಕೊಂಡರು. ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿಗೆ ಮುಂಚೆ, ಅವನು ಬಂದು ಮರಕ್ಕೆ ಬಣ್ಣ ಬಳಿದು ಹೋಗುತ್ತಿದ್ದ.

ಕಲ್ಲುಕುಟಿಗ ಮುದುಕನಾದ. ಹೊಸ ಪಾದ್ರಿಗಳು ಬಂದು, ಮರ ತೆಗೆಸುತ್ತೇನೆ ಎಂದರು.

“ಬ್ಯಾಡ ಅಯ್ನೋರೇ. ತೆಗೆಸೋದೇ ಆದ್ರೆ ಅದರ ಕೆಳಗೆ ನಾನೊಬ್ನೇ ಕೂತ್ಕತೀನಿ. ಬಿದ್ರೆ ನನ್ ಮ್ಯಾಲೇ ಬೀಳ್ಲಿ.”

ಎಷ್ಟು ಹೇಳಿದರೂ ಕೇಳಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ಕಮಾನಿನಡಿ ಕೂತ. ಪಾದ್ರಿಗಳು ಕರೆಸಿದ್ದ ಬಡಗಿ ಬಾಗಿಲ ಬಳಿಯಿಂದಲೇ ಉದ್ದನೆಯ ಗಳದಲ್ಲಿ ಒಂದೇ ಪೆಟ್ಟು ಹಾಕಿದ. ಮರ ಮುರಿಯಲಿಲ್ಲ, ಉದುರಿತು. ಒಳಗೆಲ್ಲ ಗೆದ್ದಲು ತಿಂದು ಮಣ್ಣಾಗಿತ್ತು. ಉಳಿದಿದ್ದದ್ದು ಬಣ್ಣದ ಪದರ ಮಾತ್ರ. ಕಲ್ಲುಕುಟಿಗ ಮೈತುಂಬ ಹುಡಿ ಮೆತ್ತಿಕೊಂಡು ಮೇಲೆ ನೋಡಿದ. ಒಂದು ಕಲ್ಲೂ ಕದಲಿರಲಿಲ್ಲ. ಇಷ್ಟು ವರ್ಷವೂ ಕಮಾನು ತನ್ನ ಪಾಡಿಗೆ ತಾನು ನಿಂತಿತ್ತು. ಅವನಿಗೆ ನಾಚಿಕೆಯೂ ಆಯಿತು, ಸಂತೋಷದಿಂದ ಅಳುವೂ ಬಂತು.

ಕತೆ ಮುಗಿಯಿತು. “ಅದು ಕಲ್ಲಿನ ಮಾತಾಯಿತು. ನನಗೆ ತಾವೇ ಆಸರೆ, ಗುರುಗಳೇ” ಎಂದು ಶಿಷ್ಯ ಅವರ ಕಾಲು ಹಿಡಿದ.

ಗುರುಗಳು ನಕ್ಕರು. “ನನಗೆ ಗೆದ್ದಲು ಹತ್ತಿ ಎಷ್ಟೋ ವರ್ಷವಾಯಿತು ಮಗು, ಬಣ್ಣ ಬಳಿಯುತ್ತಿರುವವನು ನೀನು.”