ಧಾರೆಯ ಹೊತ್ತಿಗೆ ಎರಡು ಲೆನ್ಸು

"ಮೇಷ್ಟ್ರೇ, ಕ್ಯಾಮೆರಾ ಕಂಪನಿಯದೇ ಲೆನ್ಸ್ ತಗೊಳ್ಳಲೋ, ಬೇರೆ ಕಂಪನಿಯದು ಸಾಕೋ? ಯಾವುದನ್ನು ನೆನೆದರೂ ಭಯ ಆಗುತ್ತೆ," ಎಂದು ತಿಪ್ಪೇಶ ಕೇಳಿದ. ಮುಂದಿನ ವಾರ ಅವನು ಮೊದಲ ಸಲ ಒಬ್ಬನೇ ಒಂದು ಮದುವೆಯ ಫೋಟೋ ತೆಗೆಯಬೇಕಿತ್ತು.

ಅವನಿಗೆ ಫೋಟೋ ತೆಗೆಯುವುದನ್ನು ಕಲಿಸಿದ ರುದ್ರಮುನಿ ಮೇಷ್ಟ್ರು, ಒರೆಸುತ್ತಿದ್ದ ಕ್ಯಾಮೆರಾವನ್ನು ಬದಿಗಿಟ್ಟು ಹೇಳತೊಡಗಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಚೀಲದಲ್ಲಿ ಎರಡು ಲೆನ್ಸ್ ಇದ್ದವು. ಹಳೆಯದು ಬೇರೆ ಕಂಪನಿಯದು, ಅಗ್ಗದ್ದು. ಏಳು ವರ್ಷ ದುಡಿದಿತ್ತು, ಒಂದು ದಿನವೂ ಕೈಕೊಟ್ಟಿರಲಿಲ್ಲ. ಹೊಸದು ಕ್ಯಾಮೆರಾ ಕಂಪನಿಯದೇ, ದುಬಾರಿಯದು. ಅದು ಮನೆಗೆ ಬಂದಾಗಿನಿಂದ ಈ ಪುಣ್ಯಾತ್ಮ ನೆಮ್ಮದಿಯಾಗಿ ಉಸಿರಾಡಿರಲಿಲ್ಲ. ಧೂಳು ಕಂಡರೆ ಹೆದರಿಕೆ, ಮಕ್ಕಳು ಓಡಿಬಂದರೆ ಹೆದರಿಕೆ. ಹಳೆಯದನ್ನು ಹಾಕಿಕೊಂಡರೆ ಇನ್ನೊಂದು ಬಗೆಯ ಹೆದರಿಕೆ: ಯಾರಾದರೂ ಅದರ ಮೇಲಿನ ಹೆಸರು ಓದಿಬಿಟ್ಟರೆ? ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಿದ. ಟೇಪು ಯಾಕೆ ಎಂದು ಕೇಳಿಬಿಟ್ಟರೆ ಎಂದು ಆಮೇಲೆ ಅದಕ್ಕೂ ಹೆದರಿದ.

ಒಮ್ಮೆ ಒಂದು ಮದುವೆಗೆ ಹೋದ. ಮದುಮಗಳ ತಂದೆಗೆ ಎದೆಯ ಕಾಯಿಲೆ. ಧಾರೆ ಎರೆಯಲೆಂದೇ ಅವರನ್ನು ಅರ್ಧ ದಿನದ ಮಟ್ಟಿಗೆ ಆಸ್ಪತ್ರೆಯಿಂದ ಕರೆತಂದಿದ್ದರು. ಬೆಳಿಗ್ಗೆ ಮದುಮಗಳು ಇವನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾ, ನನ್ನ ಫೋಟೋ ಹೆಂಗಾದ್ರೂ ಬರ್ಲಿ. ಧಾರೆ ಎರೆಯುವಾಗ ಅಪ್ಪನ ಮುಖ ಒಂದು ಸಿಗ್ಬೇಕು. ಆಮೇಲೆ ಸಿಗುತ್ತೋ ಇಲ್ವೋ."

"ಅದನ್ನ ನನಗೆ ಬಿಡಮ್ಮ," ಎಂದ.

ಹೊಸ ಲೆನ್ಸನ್ನೇ ಹಾಕಿಕೊಂಡು ಮಂಟಪದ ಮುಂದೆ ನಿಂತ. ಗಂಡುಹೆಣ್ಣಿನ ಕೈಗಳನ್ನು ಕೂಡಿಸಿದರು. ತಂಬಿಗೆಯಲ್ಲಿ ಹಾಲು ಬಂತು. ಹಾಲು ಕಂಡದ್ದೇ ತಡ, ಇವನು ಒಂದು ಹೆಜ್ಜೆ ಹಿಂದೆ ಸರಿದ. ಸಿಡಿದರೆ? ಹೊಸ ಗಾಜಿನ ಮೇಲೆ ಬಿದ್ದರೆ? ತಂದೆ ಇನ್ನೂ ಕುರ್ಚಿಯಲ್ಲೇ ಇದ್ದರು. ಹೊತ್ತಿದೆ ಎಂದುಕೊಂಡು ಹೊಸದನ್ನು ಬಿಚ್ಚಿ ಚೀಲಕ್ಕಿಟ್ಟ, ಹಳೆಯದನ್ನು ಹಾಕಿದ.

ಮುಂದಿನ ಸಾಲಿನಲ್ಲಿ ವರನ ಸೋದರಮಾವ ಕೂತಿದ್ದರು. ಅವರ ಕೊರಳಲ್ಲೂ ಒಂದು ಕ್ಯಾಮೆರಾ ಇತ್ತು. "ಏನ್ರೀ, ಕಂಪನೀದು ತೆಗೆದುಬಿಟ್ರಿ? ಇದಕ್ಕೆ ಟೇಪ್ ಬೇರೆ ಅಂಟಿಸೀರಲ್ಲ!" ಎಂದು ನಕ್ಕರು. ಅಕ್ಕಪಕ್ಕದವರು ಕತ್ತು ತಿರುಗಿಸಿ ನೋಡಿದರು. ಇನ್ನು ಈ ಊರಲ್ಲಿ ತನ್ನನ್ನು ಯಾರು ಕರೆಯುತ್ತಾರೆ ಎಂದುಕೊಂಡ. ಹಳೆಯದನ್ನೂ ಬಿಚ್ಚಿದ. ಹೊಸದನ್ನು ಮತ್ತೆ ಕೂರಿಸಲು ಹೋದ. ಲೆನ್ಸಿನ ಚುಕ್ಕೆ ಕ್ಯಾಮೆರಾದ ಚುಕ್ಕೆಗೆ ಸರಿಯಾಗಿ ಕೂಡಬೇಕು. ಅವಸರಕ್ಕೆ ಚುಕ್ಕೆ ಕೂಡಲಿಲ್ಲ.

ಆಗ ವಾಲಗ ಜೋರಾಯಿತು. ತಲೆಯೆತ್ತಿ ನೋಡಿದ. ತಂದೆ ಎದ್ದು ನಿಂತಿದ್ದರು. ಹೆಂಡತಿ ಅವರ ಮೊಣಕೈ ಹಿಡಿದುಕೊಂಡಿದ್ದರು. ಹಾಲು ಎರೆಯುತ್ತ ಅವರು ಮಗಳ ಮುಖ ನೋಡಿದರು, ನಕ್ಕರು. ಕಾಯಿಲೆಯೇ ಇಲ್ಲದವರ ಹಾಗೆ ನಕ್ಕರು. ಫೋಟೋಗ್ರಾಫರ್ ಅದನ್ನು ಬರಿಗಣ್ಣಿನಿಂದ ನೋಡಿದ. ಅವನ ಒಂದು ಕೈಯಲ್ಲಿ ಕ್ಯಾಮೆರಾ ಇತ್ತು, ಇನ್ನೊಂದು ಕೈಯಲ್ಲಿ ಲೆನ್ಸ್ ಇತ್ತು.

ಚುಕ್ಕೆ ಕೂಡುವಷ್ಟರಲ್ಲಿ ತಂದೆಯನ್ನು ಕುರ್ಚಿಗೆ ಇಳಿಸಿ ಆಗಿತ್ತು. ನೆಂಟರು ಸುತ್ತುವರಿದರು. ಹಾಗೆಯೇ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದರು.

ಹದಿನೈದು ದಿನಕ್ಕೆ ಅವರು ತೀರಿಕೊಂಡರು. ಇವನು ಬಾಗಿಲು ಹಾಕಿಕೊಂಡು ಆ ಮದುವೆಯ ಫೋಟೋಗಳನ್ನೆಲ್ಲ ಒಂದೊಂದಾಗಿ ಹುಡುಕಿದ. ಒಂದರಲ್ಲಿ ತಂದೆಯ ಭುಜ ಸಿಕ್ಕಿತು, ಒಂದರಲ್ಲಿ ಶಲ್ಯದ ಅಂಚು. ಮುಖ ಸಿಗಲಿಲ್ಲ. ಆಮೇಲೆ ಅವನಿಗೆ ಧೂಳಿನ ಭಯವೂ ಹೋಯಿತು, ಹೆಸರಿನ ಭಯವೂ ಹೋಯಿತು. ಫೋನ್ ಬಂದರೆ ಮಾತ್ರ ಎತ್ತಲು ಹೆದರುತ್ತಿದ್ದ, ಮದುಮಗಳಿರಬಹುದೆಂದು.

ಇಷ್ಟು ಹೇಳಿ ಮೇಷ್ಟ್ರು ಮತ್ತೆ ಕ್ಯಾಮೆರಾ ಒರೆಸತೊಡಗಿದರು. ತಿಪ್ಪೇಶ ಬಿಡದೆ ಕೇಳಿದ.

"ಅದು ಸರಿ ಮೇಷ್ಟ್ರೇ, ಎರಡರಲ್ಲಿ ಯಾವ ಲೆನ್ಸ್ ಚೆನ್ನಾಗಿತ್ತು?"

"ಅದನ್ನು ಅವಳು ಒಂದು ಸಲವೂ ಕೇಳಲಿಲ್ಲ ತಿಪ್ಪೇಶ, ಇವತ್ತಿಗೂ ನನ್ನ ಹತ್ತಿರ ಅಪ್ಪನ ಮುಖವನ್ನಷ್ಟೇ ಕೇಳುತ್ತಾಳೆ."