ಕಹಿ ಗೆಣಸಿನ ವ್ಯಾಜ್ಯ

ಹಲಸಿನ ಮರಗಳು ತುಂಬಿದ್ದ ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಮುಳ್ಳುಹಂದಿ ತನ್ನ ಎರಡು ಮರಿಗಳೊಂದಿಗೆ ವಾಸವಾಗಿದ್ದಳು. ಒಂದು ಬೇಸಿಗೆಯಲ್ಲಿ ಯಾವ ಮರದಲ್ಲೂ ಹಣ್ಣಿಲ್ಲ, ಹಲಸೆಲ್ಲ ಇನ್ನೂ ಎಳೆಗಾಯಿ. ಜಿಗಿಯಪ್ಪ ಎಂಬ ಮುಸುವ ಕೋತಿ ಬಂದು ಅವಳ ಬಿಲದ ಮುಂದೆ ಹೊಟ್ಟೆ ಹಿಡಿದುಕೊಂಡು ಕೂತ.

"ಅಕ್ಕಾ, ನಲವತ್ತು ಗೆಣಸು ಕೊಡು. ಹಲಸು ಹಣ್ಣಾದ ಕೂಡಲೇ ಐದು ಬುಟ್ಟಿ ಬೀಜ ತಂದು ಸುರಿಯುತ್ತೇನೆ" ಎಂದ.

ಕೆಂಚವ್ವನ ಕರುಳು ಚುರುಕ್ಕೆಂದಿತು. ಅಗೆದು ಕೊಟ್ಟಳು.

ಹಲಸು ಹಣ್ಣಾಯಿತು. ಜಿಗಿಯಪ್ಪ ಬರಲಿಲ್ಲ. ಅವಳೇ ಮರದ ಬುಡಕ್ಕೆ ಹೋಗಿ ಕೇಳಿದಳು. "ಯಾವ ಗೆಣಸು?" ಎಂದು ಅವನು ಮೇಲಿನ ಕೊಂಬೆಗೆ ಹಾರಿದ. ಮುಳ್ಳುಹಂದಿಗೆ ಮರ ಹತ್ತಲು ಬಾರದು. ಮಳೆಗಾಲಕ್ಕೆ ಇನ್ನೊಂದೇ ತಿಂಗಳಿತ್ತು. ಬಿಲದಲ್ಲಿ ಬೀಜ ತುಂಬಿಡದಿದ್ದರೆ ಮರಿಗಳಿಗೆ ಉಪವಾಸವೇ ಗತಿ.

ಕೆಂಚವ್ವ ಕೆರೆಯ ದಂಡೆಗೆ ನಡೆದಳು. ಅಲ್ಲಿ ಚಿಪ್ಪಯ್ಯ ಎಂಬ ಆಮೆ ಬಾಕಿ ವಸೂಲಿಯ ವಕೀಲರಾಗಿದ್ದರು.

"ಸ್ವಾಮಿ, ಗೆಣಸು ತಿಂದು ಬೀಜ ಕೊಡದ ಆ ಜಿಗಿಯಪ್ಪನ ಬಾಲ ಕಚ್ಚಿ ಕೆಳಗೆ ಎಳೆಯಿರಿ" ಎಂದಳು.

"ಅದು ವಕೀಲರ ಕೆಲಸವಲ್ಲಮ್ಮ. ಅದಕ್ಕೆ ತೋಳ ಇದ್ದಾನೆ. ಅವನ ಹತ್ತಿರ ಹೋದವರ ಬಾಕಿಯೂ ಬರಲಿಲ್ಲ, ಹೋದವರೂ ಬರಲಿಲ್ಲ."

"ಮತ್ತೆ ನೀವೇನು ಮಾಡುತ್ತೀರಿ?"

"ಮೊದಲು ನೋಟೀಸು ಕಳಿಸುತ್ತೇನೆ. ಬಗ್ಗದಿದ್ದರೆ ಆನೆಯಜ್ಜನ ನ್ಯಾಯಸ್ಥಾನಕ್ಕೆ ಹೋಗುತ್ತೇನೆ. ವಸೂಲಾದದ್ದರಲ್ಲಿ ಐದರಲ್ಲೊಂದು ಪಾಲು ನನ್ನದು. ಏನೂ ಬಾರದಿದ್ದರೆ ನನಗೂ ಇಲ್ಲ, ನಿಮಗೂ ಇಲ್ಲ. ಸಾಕ್ಷಿ ಯಾರಿದ್ದಾರೆ?"

"ಯಾರೂ ಇಲ್ಲ."

"ಹಾಗಾದರೆ ಗೆದ್ದೇ ಗೆಲ್ಲುತ್ತೇವೆಂದು ಹೇಳಲಾರೆ."

ಇಷ್ಟು ಹೇಳುವುದಕ್ಕೆ ವಕೀಲರು ಬೇಕೇ ಎಂದು ಕೆಂಚವ್ವನಿಗೆ ಸಿಟ್ಟು ಬಂತು. ಆದರೂ ತೋಳನ ನೆನಪಾಗಿ ಒಪ್ಪಿಕೊಂಡಳು.

ಚಿಪ್ಪಯ್ಯನವರು ಅರಳಿ ಎಲೆಯ ಮೇಲೆ ನೋಟೀಸು ಬರೆದು ಕಳಿಸಿದರು. ಜಿಗಿಯಪ್ಪ ಅದನ್ನು ತಿಂದುಬಿಟ್ಟ. ಚಿಪ್ಪಯ್ಯನವರು "ನೋಟೀಸು ತಲುಪಿದೆ" ಎಂದು ಗುರುತು ಹಾಕಿಕೊಂಡರು. ದಿನವೂ ಕೆಂಚವ್ವ ಬಂದು "ಏನಾಯಿತು?" ಎಂದು ಕೇಳುತ್ತಿದ್ದಳು. "ಕಾಯಬೇಕು" ಎಂದು ದಿನವೂ ಅವರು ಹೇಳುತ್ತಿದ್ದರು.

ಕೊನೆಗೆ ಆನೆಯಜ್ಜನ ಮುಂದೆ ವಿಚಾರಣೆಯ ದಿನ ಬಂತು. ಕೆಂಚವ್ವ ತಾನು ಗೆಣಸು ಕೊಟ್ಟ ಕಥೆ ಹೇಳಿದಳು. ಜಿಗಿಯಪ್ಪ ಎದೆಯುಬ್ಬಿಸಿ ನಿಂತ.

"ಅಜ್ಜಾ, ನಾನು ಇವಳಿಂದ ಒಂದು ಗೆಣಸನ್ನೂ ತೆಗೆದುಕೊಂಡಿಲ್ಲ."

ಎಲ್ಲರೂ ಚಿಪ್ಪಯ್ಯನವರ ಕಡೆ ತಿರುಗಿದರು. ಅವರು ಸುಮ್ಮನೆ ಜಿಗಿಯಪ್ಪನನ್ನೇ ನೋಡುತ್ತಿದ್ದರು. ಕೆಂಚವ್ವನ ಮುಳ್ಳುಗಳೆಲ್ಲ ನಿಮಿರಿದವು. ಸಭೆ ಮೌನವಾಗಿತ್ತು. ಮುಸುವನಿಗೆ ಆ ಮೌನ ತಡೆಯಲಾಗಲಿಲ್ಲ.

"ತೆಗೆದುಕೊಂಡಿದ್ದರೂ ಆಗಲೇ ತೀರಿಸಿರುತ್ತಿದ್ದೆ" ಎಂದ.

ಚಿಪ್ಪಯ್ಯನವರು ಕಣ್ಣು ಮಿಟುಕಿಸಲಿಲ್ಲ.

"ಅಷ್ಟಕ್ಕೂ ಅವೇನು ಗೆಣಸೇ? ಅರ್ಧ ಕೊಳೆತಿದ್ದವು. ಉಳಿದವು ಬಾಯಿಗಿಡಲಾಗದಷ್ಟು ಕಹಿ!"

ಆನೆಯಜ್ಜ ಸೊಂಡಿಲು ಎತ್ತಿದ. "ತೆಗೆದುಕೊಳ್ಳದ ಗೆಣಸು ಕಹಿಯೆಂದು ನಿನ್ನ ನಾಲಿಗೆಗೆ ಹೇಗೆ ತಿಳಿಯಿತಪ್ಪಾ?"

ಜಿಗಿಯಪ್ಪ ಐದು ಬುಟ್ಟಿ ಬೀಜ ಕೊಡಲೇಬೇಕೆಂದು ತೀರ್ಪಾಯಿತು.

ಅವನ ಪೊಟರೆಯಲ್ಲಿ ನಾಲ್ಕು ಬುಟ್ಟಿ ಬೀಜ ಸಿಕ್ಕಿತು. ಐದನೆಯದಕ್ಕಾಗಿ ಅವನು ಎಂಟು ದಿನ ಹಲಸಿನ ಹಣ್ಣು ಬಿಡಿಸಿದ. ಕೈಗೂ ಬಾಲಕ್ಕೂ ಮೇಣ ಮೆತ್ತಿಕೊಂಡಿತು. ಮೇಣ ಬಿಡಿಸಲು ಎಣ್ಣೆ ಕಡ ಕೇಳಿಕೊಂಡು ಕಾಡೆಲ್ಲ ತಿರುಗಿದ. ಯಾರೂ ಕೊಡಲಿಲ್ಲ.

ಚಿಪ್ಪಯ್ಯನವರು ತಮ್ಮ ಪಾಲಿನ ಒಂದು ಬುಟ್ಟಿ ತೆಗೆದುಕೊಂಡರು. ಅದು ಹೋಗುವುದನ್ನು ನೋಡಿ ಕೆಂಚವ್ವನಿಗೆ ಸಂಕಟವಾಯಿತು.

"ಸ್ವಾಮಿ, ನೀವು ಅಲ್ಲಿ ಒಂದು ಮಾತೂ ಆಡಲಿಲ್ಲವಲ್ಲ?"

"ನಾನು ಆಡಿದ್ದರೆ ಅವನು ಸುಮ್ಮನಾಗುತ್ತಿದ್ದನಮ್ಮ" ಎಂದರು ಚಿಪ್ಪಯ್ಯನವರು.

ಕೆಂಚವ್ವ ಬುಟ್ಟಿಯನ್ನು ತಾನೇ ಅವರ ಬೆನ್ನಿಗೆ ಕಟ್ಟಿಕೊಟ್ಟಳು.

ನೀತಿ: ಸುಳ್ಳುಗಾರನನ್ನು ಅವನ ನಾಲಿಗೆಯೇ ಹಿಡಿದುಕೊಡುತ್ತದೆ; ಅಬ್ಬರಿಸುವವನಿಗಿಂತ ಆಗುವುದನ್ನೂ ಆಗದ್ದನ್ನೂ ಮೊದಲೇ ಹೇಳಿ ತಾಳ್ಮೆಯಿಂದ ಕಾಯುವ ವಕೀಲನೇ ಮೇಲು.